ಊರು ಕಟ್ಟಿದ ಅರಸ: ರಾಜರ್ಷಿ ಶಾಹೂ ಛತ್ರಪತಿ

ಚಿಕ್ಕ ಮಕ್ಕಳಿಗೆ ಹಿಂದಿನ ಜನಜೀವನದ ಪಾಠ ಹೇಳುವಾಗ ನಮ್ಮಂಥ ಶಿಕ್ಷಕರಿಗೆ ಒಂದು ತೊಡಕು ಎದುರಾಗುತ್ತದೆ. ಗವಿಯಲ್ಲಿ ವಾಸಿಸಿದವರು, ಕಲ್ಲು ಉಜ್ಜಿ ಬೆಂಕಿ ಮಾಡಿದವರು ಎಂದರೆ ಮಕ್ಕಳು ಕಣ್ಣರಳಿಸಿ ಕೇಳುತ್ತಾರೆ. ಆದರೆ ತಾವು ಸಂತೆಗೆ ಹೋಗುವ ಪೇಟೆಯೇ ಒಂದು ಕಾಲಕ್ಕೆ ಬರಿಯ ಬಯಲಾಗಿತ್ತು ಎಂದರೆ ನಂಬಲು ಒಲ್ಲರು. ಐದನೆಯ ಇಯತ್ತೆಯ ಹುಡುಗನೊಬ್ಬ, ಜಯಸಿಂಗಪುರದಲ್ಲಿ ಎಲ್ಲರಿಗಿಂತ ಮೊದಲು ಮನೆ ಕಟ್ಟಿದವರು ನೀರು ಎಲ್ಲಿಂದ ತಂದರು, ಅವರ ಮಕ್ಕಳು ಯಾವ ಶಾಲೆಗೆ ಹೋದರು ಎಂದು ನಮ್ಮನ್ನು ಕೇಳಿದ. ಪ್ರಶ್ನೆ ಚಿಕ್ಕದು, ಉತ್ತರ ಚಿಕ್ಕದಲ್ಲ. ಅದನ್ನು ಹೇಳಹೊರಟರೆ ಒಬ್ಬ ಮಹಾಪುರುಷರ ಜೀವನಚರಿತ್ರೆಯನ್ನೇ ಹೇಳಬೇಕಾಗುತ್ತದೆ.

ಶಾಹೂ ಮಹಾರಾಜರು ಹುಟ್ಟಿನಿಂದ ಕೊಲ್ಲಾಪುರದ ಗಾದಿಗೆ ಸೇರಿದವರಲ್ಲ. 1874ರ ಜೂನ್ 26ರಂದು ಕಾಗಲದ ಘಾಟಗೆ ಮನೆತನದಲ್ಲಿ ಜನಿಸಿದ ಅವರ ಮೊದಲ ಹೆಸರು ಯಶವಂತರಾವ್. ತಂದೆ ಜಯಸಿಂಗರಾವ್. ತಾಯಿ ರಾಧಾಬಾಯಿಯವರು ನಮ್ಮ ಕನ್ನಡ ನಾಡಿನ ಮುಧೋಳದ ಘೋರ್ಪಡೆ ಅರಸು ಮನೆತನದ ಮಗಳು. ಮಗುವಿಗೆ ಮೂರು ವರ್ಷವಾಗುವ ಹೊತ್ತಿಗೆ ತಾಯಿ ತೀರಿಕೊಂಡರು. 1884ರಲ್ಲಿ ಹತ್ತು ವರ್ಷದ ಬಾಲಕನನ್ನು ಕೊಲ್ಲಾಪುರದ ರಾಣಿ ಆನಂದಿಬಾಯಿಯವರು ದತ್ತು ತೆಗೆದುಕೊಂಡರು. ಎರಡು ವರ್ಷಗಳಲ್ಲಿ ಹೆತ್ತ ತಂದೆಯೂ ಇಲ್ಲವಾದರು. ಹೆಸರು ಬದಲಾಯಿತು, ಮನೆ ಬದಲಾಯಿತು. ಮೊದಲು ರಾಜಕೋಟೆಯಲ್ಲಿ, ಬಳಿಕ 1890ರಿಂದ ನಾಲ್ಕು ವರ್ಷ ಧಾರವಾಡದಲ್ಲಿ ಫ್ರೇಜರ್ ಎಂಬ ಆಂಗ್ಲ ಅಧಿಕಾರಿಯ ಕೈಕೆಳಗೆ ವಿದ್ಯಾಭ್ಯಾಸ ನಡೆಯಿತು. ಪರಸ್ಥಳದಲ್ಲಿ ನೆಲೆಯೂರುವ ಕಷ್ಟವನ್ನು ಅವರು ಎಳವೆಯಲ್ಲಿಯೇ ಉಂಡಿದ್ದರು ಎಂದು ನಾವು ಭಾವಿಸುತ್ತೇವೆ.

1894ರ ಏಪ್ರಿಲ್ 2ರಂದು ಇಪ್ಪತ್ತರ ಹರೆಯದಲ್ಲಿ ಅವರು ಅಧಿಕಾರ ವಹಿಸಿಕೊಂಡರು. ಮರುವರ್ಷವೇ ಕೊಲ್ಲಾಪುರದ ಹೊರಬಯಲಿನಲ್ಲಿ ಶಾಹೂಪುರಿ ಎಂಬ ಹೊಸ ಪೇಟೆ ತಲೆಯೆತ್ತಿತು. 1891ರಲ್ಲಿ ಮೀರಜದಿಂದ ಕೊಲ್ಲಾಪುರಕ್ಕೆ ರೈಲು ಬಂದಿತ್ತು. ಇನ್ನು ಮಾಲು ಕೊಳ್ಳುವ ವ್ಯಾಪಾರಿಗಳು ಬೇಕಾಗಿತ್ತು. ಈ ಸೀಮೆಯ ರೈತ ಎತ್ತು ಕಟ್ಟಿ ಗಾಣ ಆಡಿಸುತ್ತಿದ್ದ, ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕಾಯಿಸಿ ಬೆಲ್ಲ ಮಾಡುತ್ತಿದ್ದ. ಆ ಬೆಲ್ಲಕ್ಕೆ ನೆಚ್ಚಿಕೆಯ ಪೇಟೆಯೊಂದು ಸಿಕ್ಕಿತು.

ಇಲ್ಲಿ ಮಕ್ಕಳು ಸ್ವಲ್ಪ ನಿಂತು ನೋಡಬೇಕು. ಅಂದಿನ ಒಂದು ದಿನ ಹೇಗಿದ್ದೀತು? ವಿದ್ಯುತ್ ದೀಪವಿಲ್ಲ, ನಲ್ಲಿಯಿಲ್ಲ. ನಸುಕಿನಲ್ಲಿ ತಾಯಂದಿರು ಬೀಸುಕಲ್ಲಿನ ಮುಂದೆ ಕೂತು ಜೋಳ ಬೀಸಿದರೆ ಮಾತ್ರ ಅಂದಿನ ರೊಟ್ಟಿ. ನೀರಿಗೆ ಬಾವಿ ಇಲ್ಲವೆ ಹೊಳೆ. ಹೊಲಕ್ಕೆ ನೀರು ಬೇಕಾದರೆ ಎತ್ತುಗಳು ಬಾವಿಯಿಂದ ತೊಗಲಿನ ಮೊಟ್ಟೆ ಎಳೆಯಬೇಕು. ಬೆಲ್ಲದ ಪೆಂಟೆಗಳನ್ನು ಹೇರಿದ ಚಕ್ಕಡಿ ಹಳ್ಳಿಯಿಂದ ಹೊರಟರೆ ಬುತ್ತಿಯ ಗಂಟು, ಎತ್ತಿನ ಮೇವು, ಕಂದೀಲು ಎಲ್ಲವೂ ಜೊತೆಗಿರಬೇಕು. ಈ ಪಾಠಕ್ಕೆ ಮನೆಯಲ್ಲಿರುವ ಹಳೆಯ ಸಾಮಾನು ತರಲು ನಾವು ಹೇಳಿದಾಗ ಒಬ್ಬ ಹುಡುಗಿ ಬುಡ್ಡಿ ದೀಪ ತಂದಳು, ಇನ್ನೊಬ್ಬ ಸೇರು ಪಾವುಗಳನ್ನು ತಂದ. ಮಕ್ಕಳೆಲ್ಲ ಸೇರಿ ಒಂದು ಸೇರು ಜೋಳ ಬೀಸಲು ಹೊರಟವರು ಅರ್ಧಕ್ಕೇ ಕೈಬಿಟ್ಟರು. ಪಾಲಕರು ಮನೆಯಲ್ಲಿ ಇದನ್ನೊಮ್ಮೆ ಮಾಡಿಸಿ ನೋಡಬಹುದು.

ಮಹಾರಾಜರ ಆಳಿಕೆಯ ಆರಂಭದ ವರ್ಷಗಳು ಸುಖದವಲ್ಲ. 1896-97ರ ಬರ, ಅದರ ಬೆನ್ನಿಗೆ ಪ್ಲೇಗು. ಜನ ಮನೆಗೆ ಬೀಗ ಹಾಕಿ ಹೊಲಗಳಲ್ಲಿ ಗುಡಿಸಲು ಕಟ್ಟಿಕೊಂಡು ದಿನ ಕಳೆದ ಕಾಲವದು. ಬರಗಾಲದಲ್ಲಿ ಅಗ್ಗದ ಧಾನ್ಯದ ಅಂಗಡಿಗಳನ್ನು ತೆರೆಸಿದ ಅರಸರಿಗೆ ನೀರಿನ ಚಿಂತೆ ಕೊನೆಯವರೆಗೂ ಬಿಡಲಿಲ್ಲ. 1906ರಲ್ಲಿ ನೂಲು, ಬಟ್ಟೆಗಾಗಿ ಶಾಹೂ ಮಿಲ್ ಸ್ಥಾಪನೆಯಾಯಿತು. ಅದಕ್ಕೆ ಎರಡು ವರ್ಷ ಮೊದಲು, 1904ರಲ್ಲಿ, ಇಚಲಕರಂಜಿಯ ಜಹಗೀರಿನಲ್ಲಿ ನಾರಾಯಣರಾವ್ ಬಾಬಾಸಾಹೇಬ ಘೋರ್ಪಡೆಯವರ ಪ್ರೋತ್ಸಾಹದಿಂದ ವಿಠ್ಠಲರಾವ್ ದಾತಾರರು ಮೊದಲ ಯಂತ್ರಮಗ್ಗ ಹಾಕಿದ್ದರು. ಇಂದು ಇಚಲಕರಂಜಿಯ ಓಣಿಗಳಲ್ಲಿ ಕೇಳುವ ಮಗ್ಗದ ಸದ್ದಿಗೆ ಅದೇ ಮೊದಲು. ಜಯಸಿಂಗಪುರವನ್ನು ಮಹಾರಾಜರು ಹೆತ್ತ ತಂದೆಯ ಹೆಸರಿನಲ್ಲಿ ಹುಟ್ಟುಹಾಕಿದರು. ಮಗ ರಾಜಾರಾಮ ಮಹಾರಾಜರು ಮುಂದೆ ಅದನ್ನು ಬೆಳೆಸಿದರು. ಪಗಡೆಯ ಹಾಸಿನಂತೆ ನೇರ ಬೀದಿಗಳನ್ನು ಎಳೆದು ಕಟ್ಟಿದ ಊರದು.

ಇವೆಲ್ಲ ಮಣ್ಣು, ಕಲ್ಲಿನ ಕೆಲಸ. ಮನುಷ್ಯರಿಗೆ ಮನುಷ್ಯರ ನಡುವೆ ಜಾಗ ಮಾಡಿಕೊಡುವುದು ಇದಕ್ಕಿಂತ ಕಠಿಣವಾಗಿತ್ತು. ಹಳ್ಳಿಯ ಹುಡುಗ ಓದಲು ಕೊಲ್ಲಾಪುರಕ್ಕೆ ಬಂದರೆ ಉಳಿಯುವುದೆಲ್ಲಿ, ಉಣ್ಣುವುದೆಲ್ಲಿ? ಜಾತಿಯ ಕಟ್ಟು ಬಿಗಿಯಾಗಿದ್ದ ದಿನಗಳು. ಆದ್ದರಿಂದ 1901ರಲ್ಲಿ ಮರಾಠಾ ಮತ್ತು ಜೈನ ವಿದ್ಯಾರ್ಥಿಗಳಿಗೆ, 1906ರಲ್ಲಿ ಮುಸ್ಲಿಮರಿಗೆ, 1907ರಲ್ಲಿ ವೀರಶೈವ ಲಿಂಗಾಯತರಿಗೆ, 1908ರಲ್ಲಿ ಅಸ್ಪೃಶ್ಯರೆನಿಸಿಕೊಂಡಿದ್ದ ಮಕ್ಕಳಿಗೆ ವಸತಿಗೃಹಗಳಾದವು. ಜಾತಿಗೊಂದು ಬೋರ್ಡಿಂಗ್ ಏಕೆ ಎಂದು ಇಂದಿನ ಮಕ್ಕಳು ಕೇಳುವುದು ಸರಿಯೇ. ಅಂದು ಒಂದೇ ಪಂಕ್ತಿಯಲ್ಲಿ ಕೂರಿಸಹೊರಟಿದ್ದರೆ ಬಹುಶಃ ಯಾರೂ ಬರುತ್ತಿರಲಿಲ್ಲ. ಆದರೆ ಅವರು ಅಲ್ಲಿಗೇ ನಿಲ್ಲಲಿಲ್ಲ. 1902ರ ಜುಲೈ 26ರಂದು ಸಂಸ್ಥಾನದ ನೌಕರಿಗಳಲ್ಲಿ ಶೇಕಡಾ 50ನ್ನು ಹಿಂದುಳಿದವರಿಗೆ ಕಾಯ್ದಿರಿಸಿದರು. 1919ರಲ್ಲಿ ಅಸ್ಪೃಶ್ಯರ ಪ್ರತ್ಯೇಕ ಶಾಲೆಗಳನ್ನು ಮುಚ್ಚಿಸಿ ಎಲ್ಲ ಮಕ್ಕಳೂ ಒಂದೇ ಶಾಲೆಯಲ್ಲಿ ಕೂರಬೇಕೆಂದು ಆಜ್ಞೆ ಮಾಡಿದರು.

ಗಂಗಾರಾಮ ಕಾಂಬಳೆ ಎಂಬವರ ಸಂಗತಿ ಮಕ್ಕಳ ಮನಸ್ಸಿಗೆ ಬೇಗ ನಾಟುತ್ತದೆ. ಅರಮನೆಯ ಲಾಯದಲ್ಲಿ ದುಡಿಯುತ್ತಿದ್ದ ಅವರು ನೀರು ಮುಟ್ಟಿದರೆಂದು ಪೆಟ್ಟು ತಿಂದರು. ಮಹಾರಾಜರು ಹೊಡೆದವರನ್ನು ಶಿಕ್ಷಿಸಿದರು; ಗಂಗಾರಾಮರಿಗೆ ಹಣ ಕೊಟ್ಟು ಕೊಲ್ಲಾಪುರ ಪೇಟೆಯಲ್ಲಿ ಚಹದ ಅಂಗಡಿ ಇಡಿಸಿದರು. ಅಂಗಡಿ ತೆರೆದರೂ ಅಲ್ಲಿ ಚಹ ಕುಡಿಯುವವರು ಬೇಕಲ್ಲ! ಮಹಾರಾಜರೇ ಗಾಡಿ ನಿಲ್ಲಿಸಿ, ಜೊತೆಗಿದ್ದವರಿಗೂ ಕೊಡಿಸಿ, ತಾವೂ ಕುಡಿದರು. ಅಪರಾಧಿ ಜನಾಂಗವೆಂದು ಹಣೆಪಟ್ಟಿ ಹೊತ್ತು ನಿತ್ಯ ಹಾಜರಿ ಕೊಡಬೇಕಾಗಿದ್ದ ಫಾಸೆಪಾರಧಿಗಳನ್ನೂ ಅವರು ಕರೆತಂದು ನೆಲೆ ಕೊಟ್ಟು ಪಹರೆಯ ಕೆಲಸಕ್ಕೆ ಇಟ್ಟುಕೊಂಡರು. ಕಳ್ಳರೆಂದು ಊರು ಹೆದರುತ್ತಿದ್ದವರ ಕೈಗೆ ಕಾವಲು!

ಮಹಾರಾಜರು ದೇಹದಾರ್ಢ್ಯದ ಆಳು, ಕುಸ್ತಿಯ ಪ್ರೇಮಿ. 1912ರಲ್ಲಿ ಸಿದ್ಧವಾದ ಖಾಸಬಾಗ ಕುಸ್ತಿ ಮೈದಾನವನ್ನು ನಮ್ಮ ಹುಡುಗರಿಗೆ ಬೇರೆ ಪರಿಚಯಿಸಬೇಕಾಗಿಲ್ಲ.

1917ರಲ್ಲಿ ಅವರು ಪ್ರಾಥಮಿಕ ಶಿಕ್ಷಣವನ್ನು ಉಚಿತವಾಗಿಯೂ ಕಡ್ಡಾಯವಾಗಿಯೂ ಮಾಡಿದರು. ಮಗುವನ್ನು ಶಾಲೆಗೆ ಕಳಿಸದ ಪಾಲಕರಿಗೆ ತಿಂಗಳಿಗೆ ಒಂದು ರೂಪಾಯಿ ದಂಡ. ಅಂದಿನ ಒಂದು ರೂಪಾಯಿ ಬಡವನಿಗೆ ದೊಡ್ಡ ಮೊತ್ತ. ಎಮ್ಮೆ ಕಾಯುವ ಹುಡುಗ, ತಮ್ಮನನ್ನು ಎತ್ತಿಕೊಳ್ಳುವ ಹುಡುಗಿ ಶಾಲೆಗೆ ಹೋದರೆ ಮನೆಗೆಲಸ ಯಾರು ಮಾಡಬೇಕು ಎಂಬ ಪಾಲಕರ ಸಂಕಟ ಸುಳ್ಳಲ್ಲ. ಸುಗ್ಗಿಯ ದಿನಗಳಲ್ಲಿ ಹಾಜರಿ ಪುಸ್ತಕ ತೆರೆದಾಗಲೆಲ್ಲ ನಮಗೂ ಈ ಸಂಕಟ ನೆನಪಾಗುತ್ತದೆ. ಆ ಕಾಯಿದೆ ನಮ್ಮ ಗಡಹಿಂಗ್ಲಜ ಸೀಮೆಗೂ ಅನ್ವಯಿಸಿತ್ತು; ಇದು ಕೊಲ್ಲಾಪುರ ಸಂಸ್ಥಾನದ್ದೇ ಭಾಗ.

1920ರ ಮಾರ್ಚಿನಲ್ಲಿ ಇಚಲಕರಂಜಿಗೆ ಸಮೀಪದ ಮಾಣಗಾವದಲ್ಲಿ ಅಸ್ಪೃಶ್ಯರ ಪರಿಷತ್ತು ನಡೆಯಿತು. ಆಗಿನ್ನೂ ತರುಣರಾಗಿದ್ದ ಡಾ. ಅಂಬೇಡ್ಕರರು ಅಧ್ಯಕ್ಷರು. ಮಹಾರಾಜರು ಸ್ವತಃ ಹೋಗಿ, ಇವರೇ ನಿಮ್ಮ ನಾಯಕರೆಂದು ಸಭೆಗೆ ತಿಳಿಸಿ ಬಂದರು. ಅದೇ ವರ್ಷ ಬಿಟ್ಟಿ ಚಾಕರಿಯ ಪದ್ಧತಿಯನ್ನು ರದ್ದು ಮಾಡಿದರು.

ನೀರಿನ ಮಾತು ಉಳಿಯಿತು. ಭೋಗಾವತಿ ನದಿಗೆ ಅಣೆಕಟ್ಟು ಹಾಕುವ ಯೋಜನೆಯನ್ನು 1907ರಲ್ಲಿ ಕೈಗೊಂಡಿದ್ದರು. ಕಾಡಿನ ಮಗ್ಗುಲಲ್ಲಿ ಅದಕ್ಕಾಗಿ ಎದ್ದ ಊರಿಗೆ ಮಗಳು ರಾಧಾಬಾಯಿಯ ಹೆಸರನ್ನಿಟ್ಟು ರಾಧಾನಗರಿ ಎಂದರು. ತಾವು ಮುಖ ನೆನಪಿಡಲಾರದಷ್ಟು ಬೇಗ ಕಳೆದುಕೊಂಡ ತಾಯಿಯ ಹೆಸರೂ ಅದೇ. ಜಲಾಶಯಕ್ಕೆ ರಾಣಿಯವರ ನೆನಪಿಗೆ ಲಕ್ಷ್ಮೀ ತಲಾವ್ ಎಂದು ಹೆಸರಾಯಿತು. ಗೋಡೆ ಅರ್ಧ ಏರುವಷ್ಟರಲ್ಲಿ ಹಣ ಸಾಲದೆ ಕೆಲಸ ನಿಂತಿತು. 1922ರ ಮೇ 6ರಂದು ಮುಂಬಯಿಯಲ್ಲಿ ಮಹಾರಾಜರು ತೀರಿಕೊಂಡಾಗ ಅವರಿಗೆ ನಲವತ್ತೇಳು ವರ್ಷ. ಅಣೆಕಟ್ಟು ಅರ್ಧಕ್ಕೇ ನಿಂತಿತ್ತು. ಅದು ಪೂರ್ಣವಾದದ್ದು ಸ್ವಾತಂತ್ರ್ಯಾನಂತರ, 1950ರ ದಶಕದಲ್ಲಿ. ಇಂದು ಆ ನೀರು ಭೋಗಾವತಿಯಿಂದ ಪಂಚಗಂಗೆಗೆ ಇಳಿದು, ಕಬ್ಬಿನ ಗದ್ದೆಗಳಿಗೆ ಉಣಿಸಿ, ಇಚಲಕರಂಜಿಯ ಮಗ್ಗುಲಲ್ಲಿ ಹಾದು, ನರಸೋಬವಾಡಿಯಲ್ಲಿ ಕೃಷ್ಣೆಯನ್ನು ಕೂಡಿ ಕರ್ನಾಟಕದ ಕಡೆಗೆ ಹರಿಯುತ್ತದೆ.