ಕ್ರೀಡಾಂಗಣದ ಸವ್ಯಸಾಚಿ : ಜಿಮ್ ಥಾರ್ಪ್

ಒಂದು ಆಟದಲ್ಲಿ ಪ್ರಾವೀಣ್ಯವನ್ನು ಗಳಿಸುವುದಕ್ಕೇ ಹಲವರಿಗೆ ಬಾಳೆಲ್ಲ ಸಾಲದು. ಓಟ, ನೆಗೆತ, ಎಸೆತ, ಫುಟ್‌ಬಾಲ್, ಬೇಸ್‌ಬಾಲ್ ಇವೆಲ್ಲದರಲ್ಲಿಯೂ ಕೀರ್ತಿಯನ್ನು ಪಡೆದವನು ಅಮೆರಿಕದ ಜಿಮ್ ಥಾರ್ಪ್. ಆದರೆ ತಾನು ಗೆದ್ದುದನ್ನು ಉಳಿಸಿಕೊಳ್ಳುವ ಭಾಗ್ಯ ಅವನಿಗೆ ಬದುಕಿರುವವರೆಗೆ ದೊರೆಯಲಿಲ್ಲ.

ಥಾರ್ಪ್ 1887ರ ಸುಮಾರಿಗೆ ಇಂದಿನ ಒಕ್ಲಹೋಮ ರಾಜ್ಯದ ಭೂಭಾಗದಲ್ಲಿ ಜನಿಸಿದನು. ಸ್ಯಾಕ್ ಮತ್ತು ಫಾಕ್ಸ್ ಎಂಬ ಮೂಲನಿವಾಸಿ ಜನಾಂಗಕ್ಕೆ ಸೇರಿದ ಅವನಿಗೆ ತನ್ನವರ ನುಡಿಯಲ್ಲಿ ಇದ್ದ ಹೆಸರು ವಾ-ಥೋ-ಹಕ್. ಬೆಳಗುವ ಹಾದಿ ಎಂದು ಅದರ ಅರ್ಥ. ಕಾಡು, ಕುದುರೆ, ಬೇಟೆ ಇವೇ ಅವನ ಮೊದಲ ಗುರುಗಳು. ಅವಳಿ ಸೋದರ ಚಾರ್ಲಿ ಎಳೆಯ ವಯಸ್ಸಿನಲ್ಲಿಯೇ ತೀರಿಕೊಂಡನು. ಥಾರ್ಪ್ ಪ್ರಾಯಕ್ಕೆ ಬರುವಷ್ಟರಲ್ಲಿ ತಾಯಿತಂದೆಗಳೂ ಇಲ್ಲವಾದರು.

1904ರಲ್ಲಿ ಅವನು ಪೆನ್ಸಿಲ್ವೇನಿಯದ ಕಾರ್ಲೈಲ್ ವಿದ್ಯಾಲಯವನ್ನು ಸೇರಿದನು. 1879ರಲ್ಲಿ ಸೈನ್ಯದ ಹಳೆಯ ಬಿಡಾರಗಳಲ್ಲಿ ಆರಂಭವಾದ ಆ ವಿದ್ಯಾಲಯವು ಮೂಲನಿವಾಸಿ ಮಕ್ಕಳ ನೀಳಗೂದಲನ್ನು ಕತ್ತರಿಸಿ, ತಾಯ್ನುಡಿಯನ್ನು ಆಡಗೊಡದೆ, ಅವರನ್ನು ಬಿಳಿಯರ ರೀತಿನೀತಿಗೆ ಒಗ್ಗಿಸಲು ಯತ್ನಿಸುತ್ತಿತ್ತು. ಅಲ್ಲಿನ ಆಟದ ಬಯಲು ಮಾತ್ರ ಥಾರ್ಪನಿಗೆ ತನ್ನದೆನಿಸಿತು. 1907ರಲ್ಲಿ ಒಮ್ಮೆ ಕೆಲಸದ ಉಡುಪಿನಲ್ಲಿ ಆ ಬಯಲನ್ನು ಹಾದುಹೋಗುತ್ತಿದ್ದ ಅವನು, ಅಭ್ಯಾಸದಲ್ಲಿದ್ದ ತರುಣರಿಗೆ ಎಟುಕದ 5 ಅಡಿ 9 ಅಂಗುಲ ಎತ್ತರವನ್ನು ಸಲೀಸಾಗಿ ನೆಗೆದನೆಂದು ಹೇಳುವರು. ತರಬೇತುಗಾರ ಗ್ಲೆನ್ ವಾರ್ನರ್ ಅವನನ್ನು ತನ್ನ ತಂಡಕ್ಕೆ ಸೇರಿಸಿಕೊಂಡನು.

ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕದ ಫುಟ್‌ಬಾಲ್ ಆಟದಲ್ಲಿ, 1911ರಲ್ಲಿ ಕಾರ್ಲೈಲ್ ತಂಡವು ಬಲಶಾಲಿಯಾದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ತಂಡವನ್ನು 18-15 ಅಂಕಗಳಿಂದ ಸೋಲಿಸಿತು. ಕಾಲಿನ ನೋವನ್ನು ನುಂಗಿಕೊಂಡು ಆಡಿದ ಥಾರ್ಪ್ ನಾಲ್ಕು ಸಲ ಚೆಂಡನ್ನು ಗುರಿಗಂಬಗಳ ನಡುವೆ ಒದ್ದು ಅಂಕ ಗಳಿಸಿದನು.

ಮರುವರ್ಷ ಸ್ವೀಡನ್ನಿನ ಸ್ಟಾಕ್‌ಹೋಮ್ ನಗರದಲ್ಲಿ ಒಲಿಂಪಿಕ್ ಕ್ರೀಡೆಗಳು ನಡೆದವು. ಐದು ಸ್ಪರ್ಧೆಗಳುಳ್ಳ ಪೆಂಟಾಥ್ಲಾನಿನಲ್ಲಿ ಥಾರ್ಪ್ ನಾಲ್ಕರಲ್ಲಿ ಮೊದಲಿಗನಾದನು. ಹತ್ತು ಸ್ಪರ್ಧೆಗಳ ಡೆಕಾಥ್ಲಾನಿನ ನಡುವೆ ಅವನ ಬೂಟುಗಳು ಕಾಣೆಯಾದವು. ಸಿಕ್ಕಿದ ಎರಡು ಬೇರೆ ಬೇರೆ ಬೂಟುಗಳನ್ನು ಮೆಟ್ಟಿ ಅವನು ಕಣಕ್ಕಿಳಿದನೆಂಬುದು ಪ್ರಸಿದ್ಧ ಸಂಗತಿ. ಎರಡನೆಯವನಿಗಿಂತ ಸುಮಾರು 688 ಅಂಕ ಹೆಚ್ಚು ಗಳಿಸಿ ಅವನು ಅಲ್ಲಿಯೂ ವಿಜಯಿಯಾದನು. ಎರಡು ಚಿನ್ನದ ಪದಕಗಳೊಡನೆ ತಾಯ್ನಾಡಿಗೆ ಮರಳಿದಾಗ ಜನ ಅವನನ್ನು ಮೆರೆಸಿದರು. ಆದರೆ ಆ ನಾಡಿನ ಎಲ್ಲ ಮೂಲನಿವಾಸಿಗಳಿಗೂ ಪೌರತ್ವ ದೊರೆತುದು 1924ರಲ್ಲಿ!

ಈ ಸಂಭ್ರಮ ಬಹುಕಾಲ ನಿಲ್ಲಲಿಲ್ಲ. ಹಣ ಪಡೆದು ಆಡಿದವರಿಗೆ ಆಗ ಒಲಿಂಪಿಕ್ಸಿನಲ್ಲಿ ಪ್ರವೇಶವಿರಲಿಲ್ಲ. ಥಾರ್ಪ್ 1909 ಮತ್ತು 1910ರಲ್ಲಿ ಅಲ್ಪ ಸಂಬಳಕ್ಕೆ ಬೇಸ್‌ಬಾಲ್ ಆಡಿದ್ದನೆಂಬ ಸುದ್ದಿ 1913ರ ಜನವರಿಯಲ್ಲಿ ಪತ್ರಿಕೆಯಲ್ಲಿ ಬಂದಿತು. ಅನೇಕ ಕಾಲೇಜು ತರುಣರು ಹುಸಿ ಹೆಸರಿನಿಂದ ಹಾಗೆ ಆಡುತ್ತಿದ್ದರು. ಥಾರ್ಪ್ ತನ್ನ ನಿಜವಾದ ಹೆಸರಿನಿಂದಲೇ ಆಡಿದ್ದನು. ಅವನು ಸತ್ಯವನ್ನು ಮರೆಮಾಚದೆ, ಹಣದಾಸೆಯಿಂದಲ್ಲ, ಆಟದ ಮೇಲಿನ ಪ್ರೀತಿಯಿಂದ ಆಡಿದೆನೆಂದು ಪತ್ರ ಬರೆದನು. ಆಕ್ಷೇಪವೇನಿದ್ದರೂ ಕ್ರೀಡೆಗಳು ಮುಗಿದ 30 ದಿನಗಳೊಳಗೆ ಬರಬೇಕೆಂದು ನಿಯಮವಿತ್ತು. ಆಗಲೇ ಆರು ತಿಂಗಳು ಕಳೆದಿದ್ದವು. ಆದರೂ ಪದಕಗಳನ್ನು ಹಿಂದಕ್ಕೆ ಪಡೆಯಲಾಯಿತು.

ಥಾರ್ಪ್ ಎದೆಗುಂದಿ ಕುಳಿತುಕೊಳ್ಳಲಿಲ್ಲ. ಅದೇ ವರ್ಷ ಅವನು ನ್ಯೂಯಾರ್ಕ್ ಜಯಂಟ್ಸ್ ಬೇಸ್‌ಬಾಲ್ ತಂಡವನ್ನು ಸೇರಿ, 1919ರವರೆಗೆ ಆ ಆಟದ ಉನ್ನತ ಮಟ್ಟದ ಪಂದ್ಯಗಳಲ್ಲಿ ಆಡಿದನು. ಜೊತೆಜೊತೆಗೆ ಕ್ಯಾಂಟನ್ ನಗರದ ಫುಟ್‌ಬಾಲ್ ತಂಡದ ಮುಖ್ಯ ಆಟಗಾರನೂ ಆಗಿದ್ದನು. 1920ರಲ್ಲಿ ಸ್ಥಾಪನೆಯಾದ ವೃತ್ತಿಪರ ಫುಟ್‌ಬಾಲ್ ಸಂಘಕ್ಕೆ ಅವನೇ ಮೊದಲ ಅಧ್ಯಕ್ಷ. ಮೈಯ ಕಸುವು ಉಡುಗಿದ ಮೇಲೆ ಕೂಲಿ ಕೆಲಸವನ್ನೂ ಸಿನಿಮಾದ ಸಣ್ಣ ಪಾತ್ರಗಳನ್ನೂ ಮಾಡಿ ಜೀವನ ಸಾಗಿಸಿದನು. 1950ರಲ್ಲಿ ಅಮೆರಿಕದ ಕ್ರೀಡಾ ಬರಹಗಾರರು ಅವನನ್ನು ಶತಮಾನದ ಪೂರ್ವಾರ್ಧದ ಅತಿಶ್ರೇಷ್ಠ ಕ್ರೀಡಾಪಟುವೆಂದು ಆರಿಸಿದರು. 1953ರಲ್ಲಿ ಅವನು ಬಡತನದಲ್ಲಿಯೇ ಕಣ್ಮುಚ್ಚಿದನು.

ಡೆಕಾಥ್ಲಾನಿನಲ್ಲಿ ಎರಡನೆಯವನಾಗಿದ್ದ ಸ್ವೀಡನ್ನಿನ ಹ್ಯೂಗೊ ವೀಸ್‌ಲಾಂಡರ್ ತನಗೆ ಒದಗಿದ ಚಿನ್ನದ ಪದಕವನ್ನು ತನ್ನದೆಂದು ಎಂದೂ ಒಪ್ಪಲಿಲ್ಲ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯು 1982ರಲ್ಲಿ ಥಾರ್ಪನನ್ನು ಜಂಟಿ ವಿಜೇತನೆಂದು ಘೋಷಿಸಿತು. ಮರುವರ್ಷ ಪದಕಗಳ ಪ್ರತಿರೂಪಗಳು ಅವನ ಮಕ್ಕಳ ಕೈಸೇರಿದವು. 2022ರಲ್ಲಿ ಸಮಿತಿಯು ಆ ಎರಡು ಸ್ಪರ್ಧೆಗಳಿಗೂ ಅವನೊಬ್ಬನೇ ವಿಜೇತನೆಂದು ದಾಖಲೆಯನ್ನು ತಿದ್ದಿತು. ನ್ಯಾಯ ದೊರೆಯಲು ಸುಮಾರು 110 ವರ್ಷಗಳು ಹಿಡಿದವು. ಪದಕ ಕೈಬಿಟ್ಟ ಮೇಲೂ ಆಟವನ್ನು ಕೈಬಿಡದ ಅವನ ಬಾಳು ತರುಣರಿಗೆ ಇಂದಿಗೂ ಧೈರ್ಯವನ್ನು ಕಲಿಸುತ್ತದೆ.