ಸರ್ ಎಂ.ವಿ., ತಾನೇ ತೆರೆಯುವ ಗೇಟು ಮತ್ತು ನಮ್ಮ ಪ್ರಾಜೆಕ್ಟು

ಸೆಪ್ಟೆಂಬರ್ 15 ಬಂತಂದ್ರೆ ನಮ್ಮ ಕಾಲೇಜಿನ ಸೆಮಿನಾರ್ ಹಾಲ್‌ನಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಫೋಟೋಗೆ ಹಾರ ಬೀಳುತ್ತೆ. ಭಾಷಣ ಮಾಡೋರು ಮೇಣದಬತ್ತಿ ಕಥೆ ಹೇಳ್ತಾರೆ, ರೈಲು ಹಳಿಯ ಸಪ್ಪಳದ ಕಥೆ ಹೇಳ್ತಾರೆ. ನಾವು ಚಪ್ಪಾಳೆ ತಟ್ಟಿ ಹೊರಗೆ ಬಂದು ಸಮೋಸಾ ತಿಂತೀವಿ. ಆ ಎರಡೂ ಕಥೆ ನಿಮಗೆಲ್ಲ ಬಾಯಿಪಾಠ ಆಗಿರೋದರಿಂದ ಇಲ್ಲಿ ಮತ್ತೆ ಹೇಳಲ್ಲ. ನಾನು ಅವರ ಜೀವನ ಕುಳಿತು ಓದಿದ್ದು ಜಯಂತಿ ಭಾಷಣಕ್ಕಲ್ಲ. ನಮ್ಮ ಪ್ರಾಜೆಕ್ಟ್‌ನಲ್ಲಿ ಒಂದು ಪೇಚು ಬಂತು, ಅದಕ್ಕೆ.

ಮೊದಲು ಊರಿನ ವಿಷಯ. ನಮ್ಮೂರು ಯಲವಿಗಿ, ಸವಣೂರು ತಾಲೂಕು. ಹುಬ್ಬಳ್ಳಿಯಿಂದ ಹಾವೇರಿಗೆ ಹೋಗೋ ರೈಲು ದಾರಿಯಲ್ಲಿ ಸಿಗೋ ಸಣ್ಣ ಸ್ಟೇಷನ್ನು. ಎಕ್ಸ್‌ಪ್ರೆಸ್ ಗಾಡಿಯಲ್ಲಿ ಕಿಟಕಿ ಪಕ್ಕ ಕೂತೋರು ಬೋರ್ಡ್ ಓದೋ ಮೊದಲೇ ಊರು ದಾಟಿ ಹೋಗಿರುತ್ತೆ. ವಿಶ್ವೇಶ್ವರಯ್ಯ ಅಂದ್ರೆ ಮೈಸೂರು ಕಡೆಯವರು, ನಮ್ಮ ಕಡೆಗೂ ಅವರಿಗೂ ಏನು ಸಂಬಂಧ ಅಂತ ನಾನೂ ಅಂದುಕೊಂಡಿದ್ದೆ. ಆದರೆ 1884ರಿಂದ 1908ರವರೆಗೆ ಅವರು ನೌಕರಿ ಮಾಡಿದ್ದು ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ. ಆಗ ಹಾನಗಲ್ಲ ಸೇರಿದಂತೆ ನಮ್ಮ ಸೀಮೆಯ ಬಹುಭಾಗ ಇದ್ದದ್ದೂ ಮುಂಬಯಿ ಪ್ರಾಂತ್ಯದಲ್ಲೇ. ಧಾರವಾಡ, ವಿಜಾಪುರಗಳ ಕುಡಿಯುವ ನೀರಿನ ಯೋಜನೆಗಳಲ್ಲಿ ಅವರ ಕೈ ಇದೆ. ಮೈಸೂರಿಗಿಂತ ಮೊದಲು ಅವರು ನಮ್ಮ ಪ್ರಾಂತ್ಯದ ಎಂಜಿನಿಯರು!

ಈಗ ಪೇಚಿನ ವಿಷಯ. ನಾವು ನಾಲ್ಕು ಜನ ಸೇರಿ ಮೆಣಸಿನ ಗಿಡದ ಎಲೆಯ ಫೋಟೋ ನೋಡಿ ರೋಗ ಹೇಳುವ ಆ್ಯಪ್ ಮಾಡಿದ್ವಿ. ಅರ್ಧದಷ್ಟು ಫೋಟೋ ನಮ್ಮ ಅಜ್ಜನ ಹೊಲದವು. ಆ್ಯಪ್‌ನ ಆ್ಯಕ್ಯುರೆಸಿ ತೊಂಬತ್ತರ ಮೇಲೆ ಬಂತು. ನಾವು ಕುಣಿದಾಡಿದ್ವಿ. ರಿವ್ಯೂ ಹಿಂದಿನ ರಾತ್ರಿ ಹನ್ನೊಂದು ಗಂಟೆಗೆ ಒಂದು ತಪ್ಪು ಕಣ್ಣಿಗೆ ಬಿತ್ತು. ಒಂದೇ ಗಿಡದ ಫೋಟೋಗಳು ಕಲಿಸೋ ಗುಂಪಿನಲ್ಲೂ ಇದ್ವು, ಪರೀಕ್ಷೆ ಮಾಡೋ ಗುಂಪಿನಲ್ಲೂ ಇದ್ವು. ಅಂದ್ರೆ ನಮ್ಮ ಮಾಡೆಲ್ಲು ಪ್ರಶ್ನೆಪತ್ರಿಕೆ ಮೊದಲೇ ನೋಡಿ ಪಾಸಾಗಿತ್ತು. ಗಿಡಗಳನ್ನ ಬೇರೆ ಮಾಡಿ ಮತ್ತೆ ಓಡಿಸಿದಾಗ ಅಂಕಿ ಎಪ್ಪತ್ತರ ಹತ್ತಿರಕ್ಕೆ ಇಳೀತು. ರಿಪೋರ್ಟು ಪ್ರಿಂಟಾಗಿ, ಬೈಂಡಿಂಗ್ ಆಗಿ ಮೇಜಿನ ಮೇಲೆ ಕೂತಿತ್ತು. ಯಾರಿಗೂ ಗೊತ್ತಾಗಲ್ಲ, ಹಂಗೇ ಬಿಡೋಣ ಅಂತ ಗೆಳೆಯ ಅಂದ. ಅವನು ಕೆಟ್ಟವನಲ್ಲ. ಅವನಿಗೆ ಪ್ಲೇಸ್‌ಮೆಂಟ್ ಚಿಂತೆ. ನಿಜ ಹೇಳಬೇಕಂದ್ರೆ ನನಗೂ ಅದೇ ಚಿಂತೆ.

ಆ ರಾತ್ರಿ ಆದದ್ದನ್ನ ಕೊನೆಗೆ ಹೇಳ್ತೀನಿ. ಮೊದಲು ಸರ್ ಎಂ.ವಿ.

ಅವರು ಹುಟ್ಟಿದ್ದು 1861ರಲ್ಲಿ, ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ. ತಂದೆ ಶ್ರೀನಿವಾಸ ಶಾಸ್ತ್ರಿ, ತಾಯಿ ವೆಂಕಟಲಕ್ಷ್ಮಮ್ಮ. ಹುಡುಗ ಇನ್ನೂ ಶಾಲೆಯಲ್ಲಿದ್ದಾಗಲೇ ತಂದೆ ತೀರಿಕೊಂಡರು. ಬೆಂಗಳೂರಿನಲ್ಲಿ ಮನೆಪಾಠ ಹೇಳಿ, ಅದರಿಂದ ಬಂದದ್ದರಲ್ಲಿ ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಮುಗಿಸಿದರು. ಮೈಸೂರು ಸರ್ಕಾರದ ಸ್ಕಾಲರ್‌ಶಿಪ್ ಸಿಕ್ಕಿದ್ದಕ್ಕೆ ಪುಣೆಯ ಎಂಜಿನಿಯರಿಂಗ್ ಕಾಲೇಜಿಗೆ ಹೋದರು. 1883ರ ಪರೀಕ್ಷೆಯಲ್ಲಿ ಇಡೀ ಪ್ರಾಂತ್ಯಕ್ಕೇ ಮೊದಲಿಗರು. ಸ್ಕಾಲರ್‌ಶಿಪ್ ದುಡ್ಡು ಅಂದ್ರೆ ಏನು ಅಂತ ಗೊತ್ತಿದ್ದ ಮನುಷ್ಯ. ನಮ್ಮಲ್ಲೂ ಅಂಥವರು ಬಹಳ ಇದ್ದೀವಿ.

ನೌಕರಿ ಸೇರಿದ ಹೊಸತರಲ್ಲೇ ಒಂದು ಪರೀಕ್ಷೆ ಎದುರಾಯಿತು. ಖಾನದೇಶದಲ್ಲಿ ಹೊಳೆಗೆ ಅಡ್ಡವಾಗಿ ಪೈಪಿನಲ್ಲಿ ನೀರು ದಾಟಿಸುವ ಕೆಲಸ ಇವರ ಪಾಲಿಗೆ ಬಂತು. ಮಳೆಗಾಲ, ಹೊಳೆಗೆ ಪದೇ ಪದೇ ಪ್ರವಾಹ, ಮಾಡಿದ ಕೆಲಸ ಹೂಳಿನಲ್ಲಿ ಮುಚ್ಚಿ ಹೋಗುತ್ತಿತ್ತು. ಮಳೆ ನಿಂತ ಮೇಲೆ ಮಾಡೋಣ, ಈಗ ಮಾಡಿದರೆ ಸರ್ಕಾರದ ದುಡ್ಡು ಹಾಳು ಅಂತ ಮೇಲಧಿಕಾರಿಗೆ ಬರೆದರು. ಅಧಿಕಾರಿಗೆ ಇದು ಹಿಡಿಸಲಿಲ್ಲ, ಹೊಸ ಹುಡುಗ ಕೆಲಸ ತಪ್ಪಿಸಿಕೊಳ್ತಿದ್ದಾನೆ ಅನ್ನುವಂತೆ ಉತ್ತರ ಬಂತು. ಇವರು ಜಗಳಕ್ಕೆ ಹೋಗಲಿಲ್ಲ. ಇದ್ದ ಕಷ್ಟವನ್ನ ಕಾಗದದ ಮೇಲೆ ಇಟ್ಟಾಗಿತ್ತು, ಆಮೇಲೆ ಹಟ ಹಿಡಿದು ಕೆಲಸವನ್ನೂ ಮುಗಿಸಿದರು. ಇವತ್ತು ನಾವು ಮೊದಲ ನೌಕರಿಗೆ ಸೇರಿದಾಗ, ಡೆಡ್‌ಲೈನ್ ಸಾಧ್ಯವಿಲ್ಲ ಅಂತ ಗೊತ್ತಿದ್ದೂ ಮೀಟಿಂಗ್‌ನಲ್ಲಿ ತಲೆ ಆಡಿಸ್ತೀವಲ್ಲ, ಆಗ ಈ ಪ್ರಸಂಗ ನೆನಪಿಗೆ ಬಂದರೆ ಒಳ್ಳೇದು.

1890ರ ದಶಕದಲ್ಲಿ ಸಿಂಧ್ ಪ್ರಾಂತ್ಯದ ಸಕ್ಕರ್ ಪಟ್ಟಣಕ್ಕೆ ನೀರು ಕೊಡುವ ಕೆಲಸ. ಸಿಂಧೂ ನದಿಯ ನೀರು ಕೆಸರು, ಶೋಧಿಸುವ ದೊಡ್ಡ ಕಟ್ಟಡಕ್ಕೆ ಊರಿನವರ ಹತ್ತಿರ ದುಡ್ಡಿಲ್ಲ. ಇವರು ನದಿಯ ಪಾತ್ರದಲ್ಲೇ ಬಾವಿ ತೋಡಿಸಿದರು. ನದಿಯ ಮರಳೇ ಸೋಸುವ ಬಟ್ಟೆಯಾಯಿತು. ಬಡ ಊರಿಗೆ ಯಾವ ತಂತ್ರ ಹೊಂದುತ್ತೆ ಅನ್ನೋ ಪ್ರಶ್ನೆಗೆ ಇದಕ್ಕಿಂತ ಚೊಕ್ಕ ಉತ್ತರ ನಾನು ಯಾವ ಟೆಕ್ಸ್ಟ್‌ಬುಕ್‌ನಲ್ಲೂ ಓದಿಲ್ಲ.

ಆಮೇಲೆ ಪುಣೆಯ ಹತ್ತಿರ ನೀರಾ ಕಾಲುವೆ. ಕಾಲುವೆಯ ತಲೆಯಲ್ಲಿದ್ದ ಅನುಕೂಲಸ್ಥರು ಕಬ್ಬು ಹಾಕಿ ನೀರೆಲ್ಲ ಹೀರುತ್ತಿದ್ದರು, ಬಾಲದಲ್ಲಿದ್ದವರಿಗೆ ಕೆಸರೂ ಸಿಗುತ್ತಿರಲಿಲ್ಲ. ಒಂದೇ ಜಾಗದಲ್ಲಿ ನೀರು ನಿಂತು ಭೂಮಿ ಜೌಗಾಗುತ್ತಿತ್ತು. ಇವರು ಬ್ಲಾಕ್ ಪದ್ಧತಿ ತಂದರು. ಹಳ್ಳಿ ಹಳ್ಳಿಗೆ ಭೂಮಿಯ ತುಂಡು ಗೊತ್ತುಮಾಡಿ, ಸ್ವಲ್ಪ ಕಬ್ಬು, ಉಳಿದದ್ದು ಕಡಿಮೆ ನೀರಿನ ಬೆಳೆ, ಸರದಿಯಂತೆ ನೀರು. ಉಳ್ಳವರು ಗಲಾಟೆ ಎಬ್ಬಿಸಿದರು, ಪತ್ರಿಕೆಗಳಲ್ಲೂ ಟೀಕೆ ಬಂತು. ನಾವು ಈಗ ಅಲ್ಗಾರಿದಮ್ ಅನ್ನೋದು ಇಂಥದ್ದನ್ನೇ. ಯಾರಿಗೆ ಸಾಲ, ಯಾರಿಗೆ ಇಂಟರ್ವ್ಯೂ ಕರೆ, ಯಾರಿಗೆ ಮೊದಲು ನೀರು ಅಂತ ಒಂದು ನಿಯಮ ನಿರ್ಧರಿಸುತ್ತೆ. ನಿಯಮ ಬರೆಯೋನು ಕಾಲುವೆಯ ಬಾಲದಲ್ಲಿ ನಿಂತು ಒಮ್ಮೆ ನೋಡಿದ್ದಾನಾ ಇಲ್ಲವಾ ಅನ್ನೋದೇ ಮುಖ್ಯ.

ಅದೇ ಪುಣೆಯ ಪಕ್ಕದ ಖಡಕವಾಸಲಾ ಕೆರೆಯಲ್ಲಿ 1903ರಲ್ಲಿ ಅವರ ಹೆಸರಾಂತ ಗೇಟುಗಳು ಬಂದವು. ಕೋಡಿಯ ಮೇಲೆ ಹರಿದು ಹೋಗುತ್ತಿದ್ದ ನೀರನ್ನ ಅವು ತಡೆದು ನಿಲ್ಲಿಸುತ್ತಿದ್ದವು. ನೀರು ಒಂದು ಮಟ್ಟ ಮೀರಿದರೆ ತಾವೇ ತೆರೆಯುತ್ತಿದ್ದವು, ಇಳಿದರೆ ತಾವೇ ಮುಚ್ಚುತ್ತಿದ್ದವು. ಕರೆಂಟಿಲ್ಲ, ಸೆನ್ಸರ್ ಇಲ್ಲ, ನೀರಿನ ಭಾರ ಮತ್ತು ಎದುರು ತೂಕದ ಲೆಕ್ಕ ಅಷ್ಟೇ. ನೂರಿಪ್ಪತ್ತು ವರ್ಷದ ಹಿಂದಿನ ಆಟೊಮೇಷನ್ ಇದು. ಗೇಟಿಗೆ ಪೇಟೆಂಟ್ ಸಿಕ್ಕಿತು, ರಾಯಲ್ಟಿ ಕೂಡ ಬರಬಹುದಿತ್ತು. ಸರ್ಕಾರದ ಸಂಬಳ ತಗೊಂಡು, ಸರ್ಕಾರದ ಕೆಲಸಕ್ಕಾಗಿ ಮಾಡಿದ ವಿನ್ಯಾಸ ಅಂತ ಅವರು ಆ ದುಡ್ಡು ಬೇಡ ಅಂದರು. ಮೇಣದಬತ್ತಿ ಕಥೆಗಿಂತ ನನಗೆ ಇದು ದೊಡ್ಡದು ಅನ್ನಿಸಿತು. ಮೇಣದಬತ್ತಿಯದ್ದು ಪುಡಿಗಾಸಿನ ಮಾತು. ಇಲ್ಲಿ ಬಿಟ್ಟದ್ದು ಕಾನೂನು ಪ್ರಕಾರವೇ ತಮ್ಮದಾಗಬಹುದಾಗಿದ್ದ ಹಣ.

1908ರಲ್ಲಿ ಅವರು ಮುಂಬಯಿ ನೌಕರಿ ಬಿಟ್ಟರು. ಅದೇ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದ್ ನಗರ ಕೊಚ್ಚಿಹೋಯಿತು, ಸಾವಿರಾರು ಜನ ಸತ್ತರು. ವಿದೇಶ ಪ್ರವಾಸದಲ್ಲಿದ್ದ ಇವರನ್ನ ನಿಜಾಮರ ಸರ್ಕಾರ ಕರೆಸಿತು. ನಗರದ ಮೇಲ್ಗಡೆ ನೀರು ತಡೆಯುವ ಜಲಾಶಯ ಬೇಕು ಅಂತ ಇವರು ಹೇಳಿದರು. ಅದರಿಂದ ಬಂದವೇ ಉಸ್ಮಾನ್ ಸಾಗರ ಮತ್ತು ಹಿಮಾಯತ್ ಸಾಗರ.

1909ರಲ್ಲಿ ಮೈಸೂರಿನ ಚೀಫ್ ಎಂಜಿನಿಯರ್, 1912ರಲ್ಲಿ ದಿವಾನರು. ಮುಂದಿನ ಪಟ್ಟಿ ನಿಮಗೆ ಗೊತ್ತೇ ಇದೆ: 1913ರಲ್ಲಿ ಮೈಸೂರು ಬ್ಯಾಂಕು, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ, 1917ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು. ಆಮೇಲೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆ. ಇವನ್ನೆಲ್ಲ ಬೇಗ ದಾಟಿ ಕನ್ನಂಬಾಡಿಗೆ ಬರ್ತೀನಿ, ಯಾಕಂದ್ರೆ ನನಗೆ ಸಿಕ್ಕಿಹಾಕಿಕೊಂಡ ಪ್ರಶ್ನೆಗಳೆಲ್ಲ ಅಲ್ಲಿವೆ.

1911ರಲ್ಲಿ ಕಟ್ಟೆಯ ಕೆಲಸ ಶುರುವಾಯಿತು. ಕೆಳಗಿದ್ದ ಮದ್ರಾಸ್ ಸರ್ಕಾರ ತಕರಾರು ತೆಗೆದಿತ್ತು. ಮೊದಲ ಹಂತಕ್ಕೆ ಒಪ್ಪಿಗೆ ಸಿಕ್ಕಿದ್ದು 80 ಅಡಿ ಎತ್ತರಕ್ಕೆ. ಆದರೆ ಬುನಾದಿ ಹಾಕಿದ್ದು ಮುಂದೆ 124 ಅಡಿ ಕಟ್ಟಲು ಬೇಕಾದಷ್ಟು ಅಗಲಕ್ಕೆ. ಇದು ಮುಂದಾಲೋಚನೆಯೋ, ಇನ್ನೊಬ್ಬರ ಒಪ್ಪಿಗೆ ಬರೋ ಮೊದಲೇ ದಾರಿ ಮಾಡಿಕೊಂಡದ್ದೋ? ಮೈಸೂರಿನವರು ಮೊದಲನೆಯದು ಅಂದರು, ಮದ್ರಾಸಿನವರು ಎರಡನೆಯದು ಅಂದರು. ಎಂಜಿನಿಯರ್ ಆಗಿ ನೋಡಿದರೆ ಬುನಾದಿಯನ್ನ ಆಮೇಲೆ ಅಗಲ ಮಾಡೋಕಾಗಲ್ಲ. ಆದರೂ ಪ್ರಶ್ನೆ ಪ್ರಶ್ನೆಯಾಗೇ ಉಳಿಯುತ್ತೆ. 1924ರ ಒಪ್ಪಂದದ ತನಕ ಎಳೆದಾಡಿದ ಆ ಜಗಳದ ಬಾಲ ಇವತ್ತಿಗೂ ನಮ್ಮ ಕೈಯಲ್ಲಿದೆ.

ಇನ್ನೊಂದು, ಮುಳುಗಿದ ಹಳ್ಳಿಗಳು. ಕಟ್ಟೆಯ ಹಿಂದೆ ಕನ್ನಂಬಾಡಿ ಊರೂ, ಅಲ್ಲಿಯ ವೇಣುಗೋಪಾಲಸ್ವಾಮಿ ಗುಡಿಯೂ ನೀರಿನಡಿ ಹೋದವು. ನೀರು ಬತ್ತಿದ ವರ್ಷಗಳಲ್ಲಿ ಗುಡಿ ಮತ್ತೆ ಕಾಣಿಸಿಕೊಳ್ಳುತ್ತಿತ್ತು, ಈಚೆಗೆ ಅದನ್ನ ಹೊಸ ಕನ್ನಂಬಾಡಿಯಲ್ಲಿ ಎಬ್ಬಿಸಿ ಕಟ್ಟಿದ್ದಾರೆ. ಮಂಡ್ಯದ ಬಯಲು ಹಸಿರಾಯಿತು, ಕೋಲಾರದ ಚಿನ್ನದ ಗಣಿಗೆ ಬೇಸಿಗೆಯಲ್ಲೂ ಕರೆಂಟು ಸಿಕ್ಕಿತು. ಲಾಭದ ಲೆಕ್ಕ ಸರಿಯಾಗೇ ಇದೆ. ಆದರೆ ಲಾಭ ಪಡೆದವರು ಒಂದು ಕಡೆ, ಮನೆ ಬಿಟ್ಟು ಎದ್ದವರು ಇನ್ನೊಂದು ಕಡೆ. ಎರಡನ್ನೂ ಒಂದೇ ಎಕ್ಸೆಲ್ ಶೀಟಿನಲ್ಲಿ ಕೂಡಿ ಕಳೆದುಬಿಟ್ಟರೆ ಸಾಕಾ?

ಮೂರನೆಯದು ಇನ್ನೂ ಕಷ್ಟದ್ದು. ಸರ್ಕಾರಿ ನೌಕರಿಯಲ್ಲಿ ಬ್ರಾಹ್ಮಣೇತರರಿಗೆ ಪಾಲು ಬೇಕು ಅನ್ನೋ ಕೂಗು ಮೈಸೂರಿನಲ್ಲಿ ಜೋರಾಯಿತು. ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಮಿಲ್ಲರ್ ಸಮಿತಿ ನೇಮಿಸಿದರು. ಅರ್ಹತೆ ಬಿಟ್ಟು ಜಾತಿ ನೋಡಬಾರದು ಅನ್ನೋದು ವಿಶ್ವೇಶ್ವರಯ್ಯನವರ ನಿಲುವು. ಅದೇ ವರ್ಷ ದಿವಾನಗಿರಿ ಬಿಟ್ಟರು. ನಂಬಿದ್ದಕ್ಕಾಗಿ ಕುರ್ಚಿ ಬಿಟ್ಟದ್ದು ದೊಡ್ಡ ಮಾತು, ಅದರಲ್ಲಿ ಎರಡು ಮಾತಿಲ್ಲ. ಆದರೆ ನನಗೆ ಅನ್ನಿಸೋದು ಇಷ್ಟು: ನೀರಾ ಕಾಲುವೆಯಲ್ಲಿ ತಲೆಗೆ ಇದ್ದವರು ಬಾಲದವರ ನೀರು ಕುಡೀತಿದ್ದಾರೆ ಅಂತ ಅವರಿಗೆ ಸ್ಪಷ್ಟವಾಗಿ ಕಂಡಿತ್ತು. ಶಾಲೆ, ಪುಸ್ತಕ, ಇಂಗ್ಲಿಷು ಅನ್ನೋ ಕಾಲುವೆಯಲ್ಲೂ ತಲೆ-ಬಾಲ ಇದೆ ಅನ್ನೋದು ಅಷ್ಟೇ ಸ್ಪಷ್ಟವಾಗಿ ಕಾಣಲಿಲ್ಲ. ಅವರ ಫೋಟೋಗೆ ಕೈ ಮುಗಿಯುತ್ತಲೇ ಇದನ್ನೂ ಹೇಳಬಹುದು ಅಂದುಕೊಂಡಿದ್ದೀನಿ. ಹಳೆಯ ಡೇಟಾ ಮೇಲೆ ಕಲಿತ ಮಾಡೆಲ್ಲು ಹಳೆಯ ತಾರತಮ್ಯವನ್ನೇ ಅರ್ಹತೆ ಅಂತ ಓದೋದು ಇವತ್ತಿನ ಸಮಸ್ಯೆ ಕೂಡ.

ಯಂತ್ರದ ವಿಷಯಕ್ಕೆ ಗಾಂಧೀಜಿಗೂ ಇವರಿಗೂ ಹೊಂದಲಿಲ್ಲ. ಗಾಂಧೀಜಿಗೆ ಹಳ್ಳಿಯ ಕೈಕೆಲಸ ಮುಖ್ಯ, ಇವರಿಗೆ ದೊಡ್ಡ ಕಾರ್ಖಾನೆ ಬೇಕು. 1934ರಲ್ಲಿ ಭಾರತಕ್ಕೆ ಯೋಜಿತ ಅರ್ಥವ್ಯವಸ್ಥೆ ಬೇಕು ಅಂತ ಪುಸ್ತಕವನ್ನೇ ಬರೆದರು. ಒಬ್ಬರನ್ನೊಬ್ಬರು ಗೌರವಿಸಿದರು, ಆದರೆ ಅಭಿಪ್ರಾಯ ಬದಲಿಸಲಿಲ್ಲ. ಇಬ್ಬರಿಗೂ ಬೇಕಾಗಿದ್ದದ್ದು ಬಡತನ ಹೋಗೋದು. ಎಐ ಬಂದರೆ ಕೆಲಸ ಹೋಗುತ್ತೋ ಬರುತ್ತೋ ಅಂತ ನಾವು ಹಾಸ್ಟೆಲ್ ಟೆರೇಸಿನಲ್ಲಿ ಮಾಡೋ ವಾದ ಇದರದ್ದೇ ಮುಂದಿನ ಅಧ್ಯಾಯ.

ಭದ್ರಾವತಿ ಕಾರ್ಖಾನೆ ನಷ್ಟದಲ್ಲಿದ್ದಾಗ ಅದರ ಹೊಣೆ ಹೊತ್ತು ಸರಿದಾರಿಗೆ ತಂದರು. ಅಲ್ಲಿ ತಮಗೆ ಬರಬೇಕಾಗಿದ್ದ ಸಂಭಾವನೆಯನ್ನ ಹುಡುಗರಿಗೆ ಕಸುಬು ಕಲಿಸುವ ಸಂಸ್ಥೆಗೆ ಕೊಡಿಸಿದರು. ಬೆಂಗಳೂರಿನ ಜಯಚಾಮರಾಜೇಂದ್ರ ಸಂಸ್ಥೆ ಹುಟ್ಟಿದ್ದು ಹಾಗೆ. ತೊಂಬತ್ತು ದಾಟಿದ ಮೇಲೂ ಬಿಹಾರದಲ್ಲಿ ಗಂಗಾ ನದಿಯ ಸೇತುವೆಗೆ ಜಾಗ ನೋಡಲು ಹೋಗಿದ್ದರು. 1955ರಲ್ಲಿ ಭಾರತ ರತ್ನ. 1962ರ ಏಪ್ರಿಲ್‌ನಲ್ಲಿ, ನೂರು ವರ್ಷ ದಾಟಿಸಿ, ತೀರಿಕೊಂಡರು.

ಈಗ ಆ ರಾತ್ರಿ. ನಮ್ಮನ್ನ ಬದಲಿಸಿದ್ದು ಸರ್ ಎಂ.ವಿ. ಅಂತ ಹೇಳಿದರೆ ಸುಳ್ಳಾಗುತ್ತೆ, ಅವರನ್ನ ನಾನು ಓದಿದ್ದು ಆಮೇಲೆ. ಆಗ ನೆನಪಾದದ್ದು ಅಜ್ಜ. ದೀಪಾವಳಿಗೆ ಊರಿಗೆ ಹೋದಾಗ ಆ್ಯಪ್ ತೋರಿಸಿದ್ದೆ. ಅಜ್ಜ ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದ. ನಿನ್ನ ಫೋನು ತಪ್ಪು ಹೇಳಿ ನಾನು ತಪ್ಪು ಎಣ್ಣಿ ಹೊಡದ್ರ ಆ ರೊಕ್ಕ ಯಾರು ಕೊಡ್ತಾರ ಅಂತ ಕೇಳಿದ. ನಾನು ನಕ್ಕು ಮಾತು ಹಾರಿಸಿದ್ದೆ. ಅಂಗಡಿಯವನ ಹತ್ತಿರ ಉದ್ರಿ ತಂದು ಹೊಡೆಯೋ ಔಷಧ ಅದು. ತೊಂಬತ್ತು ಅಂತ ನಂಬಿ ಹೊಡೆಯೋದಕ್ಕೂ, ಎಪ್ಪತ್ತು ಅಂತ ತಿಳಿದು ಇನ್ನೊಬ್ಬರನ್ನ ಕೇಳಿ ಹೊಡೆಯೋದಕ್ಕೂ ಒಂದು ಬೆಳೆಯಷ್ಟು ವ್ಯತ್ಯಾಸ ಇದೆ.

ಬೆಳಗ್ಗೆ ಏಳಕ್ಕೆ ಜೆರಾಕ್ಸ್ ಅಂಗಡಿ ಬಾಗಿಲು ತೆಗೆಸಿ ಆ ಎರಡು ಪುಟ ಮತ್ತೆ ಪ್ರಿಂಟ್ ಹಾಕಿಸಿದ್ವಿ. ಗೆಳೆಯ ಗೊಣಗುತ್ತಲೇ ಬಂದ, ಪ್ರಿಂಟಿನ ದುಡ್ಡು ಮಾತ್ರ ಅವನೇ ಕೊಟ್ಟ. ರಿವ್ಯೂನಲ್ಲಿ ತಪ್ಪು ಹೆಂಗಾಯ್ತು, ಹೆಂಗೆ ಸಿಕ್ತು ಅಂತ ಹೇಳಿದ್ವಿ. ಅಂಕ ಕಡಿಮೆಯೇ ಬಂತು. ಬೇರೆ ಗುಂಪಿನ ಪ್ರಾಜೆಕ್ಟು ಮೊದಲ ಬಹುಮಾನ ತಗೊಂಡಿತು, ಚೆನ್ನಾಗೇ ಮಾಡಿದ್ದರು.

ಮುಂದಿನ ವಾರ ಪ್ಯಾಸೆಂಜರ್ ಗಾಡಿಯಲ್ಲಿ ಊರಿಗೆ ಹೋದೆ. ಆ್ಯಪ್‌ನಲ್ಲಿ ಈಗ ರೋಗದ ಹೆಸರಿನ ಕೆಳಗೆ ಒಂದು ಸಾಲು ಸೇರಿಸಿದ್ದೀವಿ: ಇದು ತಪ್ಪಾಗಿರಬಹುದು, ಔಷಧ ಹೊಡೆಯುವ ಮೊದಲು ಕೃಷಿ ಅಧಿಕಾರಿಯನ್ನ ಕೇಳಿ. ಅಜ್ಜ ಅದನ್ನ ಓದಿಸಿಕೊಂಡು ಕೇಳಿ ತಲೆ ಆಡಿಸಿದ. ಆಮೇಲೆ, ಕೃಷಿ ಅಧಿಕಾರಿ ಸಿಗದಿದ್ರ ಏನು ಮಾಡಲಿ ಅಂತ ಕೇಳಿದ. ಅದಕ್ಕೆ ಉತ್ತರ ಈ ಸೆಮಿಸ್ಟರ್‌ನಲ್ಲಿ ಹುಡುಕ್ತಾ ಇದ್ದೀವಿ.