ಅಥಣಿಯ ಶಿವಯೋಗಿ

ಬೆಳಗಾವಿ ಜಿಲ್ಲೆಯ ಉತ್ತರದಂಚಿನ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆಯಲ್ಲಿ ಅಥಣಿಯ ಶಿವಯೋಗಿಗಳ ಹೆಸರನ್ನರಿಯದ ಮನೆ ವಿರಳ. ಗಚ್ಚಿನಮಠದ ಮುರುಘೇಂದ್ರ ಶಿವಯೋಗಿಗಳು 1836ರಲ್ಲಿ ನದಿ ಇಂಗಳಗಾಂವ ಗ್ರಾಮದಲ್ಲಿ ಜನಿಸಿದರು; 1921ರಲ್ಲಿ ಅಥಣಿಯಲ್ಲಿ ಲಿಂಗೈಕ್ಯರಾದರು. ಎಂಬತ್ತೈದು ವರ್ಷಗಳ ಈ ದೀರ್ಘ ಬಾಳಿನಲ್ಲಿ ಚರಿತ್ರಕಾರನು ಬರೆದಿಡಬಹುದಾದ ಹೊರಗಿನ ಘಟನೆಗಳು ಅತ್ಯಲ್ಪ. ಪವಾಡದ ಕತೆಗಳೇನೋ ಹೇರಳವಾಗಿವೆ. ಅವನ್ನು ಭಕ್ತರಿಗೆ ಬಿಡುತ್ತೇನೆ. ನನ್ನನ್ನು ಸೆಳೆಯುವುದು ಅವರು ಎಷ್ಟು ಅಲ್ಪದಲ್ಲಿ ಬಾಳಿದರೆಂಬುದು.

ವಿರಕ್ತನ ಸೊತ್ತಾದರೂ ಏನು? ಕರಸ್ಥಲದ ಲಿಂಗ, ವಿಭೂತಿ, ರುದ್ರಾಕ್ಷಿ, ಉಟ್ಟ ಕಾವಿ, ಹೆಗಲ ಜೋಳಿಗೆ. ಉಣ್ಣುವುದು ಶಿವನಿಗೆ ಅರ್ಪಿಸಿದ ಪ್ರಸಾದ. ಪ್ರಸಾದವಾದ ಮೇಲೆ ಎಡೆಯಲ್ಲಿ ಒಂದಗುಳನ್ನೂ ಬಿಡುವಂತಿಲ್ಲ. ಎಷ್ಟು ಬೇಕೋ ಅಷ್ಟನ್ನೇ ನೀಡಿಸಿಕೊಳ್ಳಬೇಕಾದ ಈ ನಿಯಮವನ್ನು ನಾವು ಬರಿಯ ಆಚಾರವೆಂದು ತಿಳಿದುಬಿಟ್ಟಿದ್ದೇವೆ. ಅದರೊಳಗೊಂದು ಅರ್ಥಶಾಸ್ತ್ರವೇ ಅಡಗಿದೆ.

ಶಿವಯೋಗಿಗಳ ನಲವತ್ತರ ಪ್ರಾಯದಲ್ಲಿ, 1876ರಿಂದ 1878ರವರೆಗೆ, ಬೆಳಗಾವಿ, ಧಾರವಾಡ, ಕಲಾದಗಿ ಜಿಲ್ಲೆಗಳನ್ನು ಘೋರ ಕ್ಷಾಮವು ಹಿಂಡಿತು. ಜನರು ಹಸಿದು ಸಾಯುತ್ತಿದ್ದ ಅದೇ ವರ್ಷಗಳಲ್ಲಿ ಹಿಂದುಸ್ಥಾನದ ಗೋಧಿ ಹಡಗನ್ನೇರಿ ಇಂಗ್ಲೆಂಡಿಗೆ ಹೋಯಿತು. ಒಬ್ಬರ ಸಮೃದ್ಧಿಗೂ ಇನ್ನೊಬ್ಬರ ಬರಿಗಂಗಾಳಕ್ಕೂ ಸಂಬಂಧವಿದೆಯೆಂಬುದನ್ನು ಈ ಸೀಮೆಗೆ ಯಾರೂ ಹೊಸತಾಗಿ ಕಲಿಸಬೇಕಾಗಿಲ್ಲ.

ಈ ಮಾತನ್ನು ಇಂದು ಎತ್ತಲು ಕಾರಣವುಂಟು. 2018ರಲ್ಲಿ ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದ ವಿದ್ವಾಂಸರು ನೂರೈವತ್ತಕ್ಕೂ ಮಿಕ್ಕಿದ ದೇಶಗಳ ಬಾಳುವೆಯನ್ನು ಅಳೆದುನೋಡಿದರು. ಭೂಮಿಯು ತಾಳಬಲ್ಲ ಮಿತಿಯೊಳಗಿದ್ದು ತನ್ನ ಪ್ರಜೆಗಳೆಲ್ಲರ ಮೂಲಭೂತ ಅಗತ್ಯಗಳನ್ನು ಪೂರೈಸುವ ದೇಶ ಒಂದೂ ದೊರೆಯಲಿಲ್ಲ. ಅಂಗಾರಾಮ್ಲಕ್ಕೆ ಅವರು ಹಾಕಿದ ಎಲ್ಲೆ ತಲೆಗೆ ವರ್ಷಕ್ಕೆ 1.61 ಟನ್ನು. ಅಮೆರಿಕದವನ ಪಾಲು ಇದರ ಎಂಟು ಪಟ್ಟಿಗೂ ಹೆಚ್ಚು. ನಮ್ಮದು ಸುಮಾರು ಎರಡು ಟನ್ನು. ಅನ್ನ, ನೈರ್ಮಲ್ಯ, ವಿದ್ಯುತ್ತುಗಳನ್ನು ಎಲ್ಲರಿಗೂ ಒದಗಿಸಲು ಭೂಮಿ ಬಹುಶಃ ಸಾಲುತ್ತದೆಯಂತೆ. ಆದರೆ ಇಂದಿನ ರೀತಿಯಲ್ಲಿ ಜೀವನತೃಪ್ತಿಯನ್ನೂ ಗಳಿಸಹೊರಟರೆ ಮಿತಿಯ ಎರಡರಿಂದ ಆರು ಪಟ್ಟು ಸಂಪತ್ತು ಬೇಕಂತೆ!

ಇದನ್ನೋದಿದಾಗ ನನಗೆ ಗಚ್ಚಿನಮಠ ನೆನಪಾಯಿತು. ಎಲ್ಲಕ್ಕಿಂತ ದುಬಾರಿಯೆಂದು ಲೆಕ್ಕ ತೋರಿಸುವ ಆ ತೃಪ್ತಿಯೇ ಅಲ್ಲಿ ಎಲ್ಲಕ್ಕಿಂತ ಸುಲಭವಾಗಿ ದೊರೆತಿತ್ತು.

ಆದರೂ ಒಂದು ಆಕ್ಷೇಪವಿದೆ, ಅದು ನ್ಯಾಯವಾದದ್ದೇ. ಸಂನ್ಯಾಸಿಗೆ ಸಂಸಾರವಿಲ್ಲ. ಎಳೆಯ ಮಕ್ಕಳನ್ನು ಕಟ್ಟಿಕೊಂಡು ಕಬ್ಬಿನ ಗದ್ದೆಯಲ್ಲಿ ಕೂಲಿಮಾಡುವ ತಾಯಿಗೆ ಅಪರಿಗ್ರಹವನ್ನು ಬೋಧಿಸುವುದು ನಿರ್ದಯತೆ. ಅವಳಿಗೆ ಶಾಲೆ ಬೇಕು, ದವಾಖಾನೆ ಬೇಕು, ದೀಪ ಬೇಕು. 2019ರ ಆಗಸ್ಟಿನಲ್ಲಿ ಕೃಷ್ಣೆಯು ಈ ತಾಲೂಕುಗಳ ಊರುಗಳಿಗೆ ನುಗ್ಗಿದಾಗ ಮನೆ ಕಳೆದುಕೊಂಡವರೂ ಇಂಥವರೇ. ಒಂದು ನೆರೆಯ ಹೊಣೆಯನ್ನೆಲ್ಲ ಹವೆಯ ಬಿಸಿಯ ಮೇಲೆ ಹೊರಿಸಲಾಗದು. ಆದರೆ ಬಿಸಿಯೇರಿದ ಗಾಳಿ ಹೆಚ್ಚು ನೀರಾವಿಯನ್ನು ಹೊತ್ತು ಒಮ್ಮೆಲೇ ಸುರಿಸುತ್ತದೆ. ಆ ಬಿಸಿಗೆ ಇವರು ಕೂಡಿಸಿದ ಹೊಗೆ ಎಷ್ಟು?

ಈ ಆಕ್ಷೇಪಕ್ಕೆ ಉತ್ತರವನ್ನು ನಾನು ಗುರುವಿಗಿಂತ ಶಿಷ್ಯನಲ್ಲಿ ಕಾಣುತ್ತೇನೆ. ಶಿವಯೋಗಿಗಳ ಶಿಷ್ಯರಾದ ಮೃತ್ಯುಂಜಯಪ್ಪಗಳು ಧಾರವಾಡದ ಮುರುಘಾಮಠಕ್ಕೆ ಬಂದು, 1917ರಲ್ಲಿ, ಗುರುಗಳು ಇನ್ನೂ ಇದ್ದಾಗಲೇ, ವಿದ್ಯಾರ್ಥಿಗಳಿಗಾಗಿ ಪ್ರಸಾದನಿಲಯವನ್ನು ತೆರೆದರು. ತಮಗೆ ಬೇಡವಾದುದು ಪರರಿಗೂ ಬೇಡವೆಂದು ಅವರು ಬಗೆಯಲಿಲ್ಲ. ಭಕ್ತರು ಹೊತ್ತುತಂದ ಜೋಳ ಅಲ್ಲಿ ರೊಟ್ಟಿಯಾಯಿತು. ಹಳ್ಳಿಗಳಿಂದ ಬಂದ ಬಡ ಹುಡುಗರು ಪಂಕ್ತಿಯಲ್ಲಿ ಕುಳಿತು, ಹೊಟ್ಟೆ ತುಂಬ ಉಂಡು, ಪುಸ್ತಕಗಳನ್ನೆತ್ತಿಕೊಂಡು ಶಾಲೆಗೆ ನಡೆದರು.